ಎಚ್‌ಐವಿ, ಹೆಪಟೈಟಿಸ್ ಬಿ, ಕ್ಷಯ: ಮಾತ್ರೆಯ ಜೊತೆಗೆ ಯಾವ ಪೂರಕ ಚಿಕಿತ್ಸೆ ಇರಲಿ, ಯಾವುದು ಬೇಡ

ಎಚ್‌ಐವಿ, ಹೆಪಟೈಟಿಸ್ ಬಿ ಅಥವಾ ಕ್ಷಯಕ್ಕೆ ಚಿಕಿತ್ಸೆ ಪಡೆಯುತ್ತಿರುವ ಅನೇಕರ ಮನೆಗಳಲ್ಲಿ ಸರ್ಕಾರಿ ಆಸ್ಪತ್ರೆಯಿಂದ ತಂದ ಮಾತ್ರೆಗಳ ಪಕ್ಕದಲ್ಲೇ ಇನ್ನೇನಾದರೊಂದು ಇರುತ್ತದೆ. ಅದು ಅಮೃತಬಳ್ಳಿಯ ಕಷಾಯವಾಗಿರಬಹುದು, ಸಂಬಂಧಿಕರು ಕೊಡಿಸಿದ ನೋನಿ ರಸದ ಬಾಟಲಿಯಾಗಿರಬಹುದು ಅಥವಾ ಮೆಡಿಕಲ್ ಸ್ಟೋರಿನವರು ‘ಶಕ್ತಿಗೆ’ ಎಂದು ಕೊಟ್ಟ ಟಾನಿಕ್ ಆಗಿರಬಹುದು. ಇವುಗಳಲ್ಲಿ ಆರಿಸಿಕೊಳ್ಳುವಾಗ ಆಯುರ್ವೇದವೋ ಹೋಮಿಯೋಪತಿಯೋ ಎಂದು ಪದ್ಧತಿಯ ಹೆಸರು ಹಿಡಿದು ಯೋಚಿಸುವುದು ರೂಢಿ. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವ ವಿಂಗಡಣೆ ಇನ್ನೊಂದಿದೆ. ಮೊದಲು ಕೇಳಬೇಕಾದದ್ದು, ಈ ಚಿಕಿತ್ಸೆ ಹೊಟ್ಟೆಯೊಳಕ್ಕೆ ಹೋಗುತ್ತದೆಯೇ ಇಲ್ಲವೇ ಎಂಬುದು. ಹೋಗುವುದಾದರೆ, ಅದು ಅಡುಗೆಯಲ್ಲಿ ಬಳಸುವಷ್ಟು ಪ್ರಮಾಣದಲ್ಲಿದೆಯೇ ಅಥವಾ ಸಾರ ಇಳಿಸಿ ಗುಳಿಗೆ ಮಾಡಿದ್ದೇ ಎಂಬುದು ಎರಡನೆಯ ಪ್ರಶ್ನೆ. ಈ ಬರಹದ ಹೋಲಿಕೆ ಬಹುಪಾಲು ಈ ಎರಡು ಪ್ರಶ್ನೆಗಳ ಮೇಲೆಯೇ ನಿಂತಿದೆ.

ಹೋಲಿಕೆಗೆ ಒಳಪಡದ ಭಾಗ

ಮೂಲ ಚಿಕಿತ್ಸೆಯನ್ನು ಈ ಹೋಲಿಕೆಯಿಂದ ಹೊರಗಿಟ್ಟೇ ಮುಂದುವರಿಯಬೇಕು. ಎಚ್‌ಐವಿಗೆ ಭಾರತದ ಸರ್ಕಾರಿ ಎಆರ್‌ಟಿ (ಎಚ್‌ಐವಿ ವೈರಸ್ಸನ್ನು ಹತ್ತಿಕ್ಕುವ ಔಷಧಿ ಚಿಕಿತ್ಸೆ) ಕೇಂದ್ರಗಳಲ್ಲಿ 2004ರಿಂದ ಉಚಿತವಾಗಿ ಔಷಧಿ ಸಿಗುತ್ತಿದೆ. ಈಗ ಹೆಚ್ಚಿನವರು ಸೇವಿಸುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ, ಟಿಎಲ್‌ಡಿ ಎಂದು ಕರೆಯುವ ದಿನಕ್ಕೊಂದು ಮಾತ್ರೆ. ಹೆಪಟೈಟಿಸ್ ಬಿಗೆ ಚಿಕಿತ್ಸೆ ಬೇಕಾದವರಿಗೆ ಟೆನೊಫೊವಿರ್ ಅಥವಾ ಎಂಟೆಕಾವಿರ್ ಕೊಡುತ್ತಾರೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಇದೂ ಉಚಿತ. ಔಷಧಿಗೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆಯಿದೆ.

ಈ ಮಾತ್ರೆಗಳನ್ನು ನಡುವೆ ನಿಲ್ಲಿಸಿದರೆ ಆಗುವ ಹಾನಿ ಒಂದೇ ಬಗೆಯದಲ್ಲ. ಎಚ್‌ಐವಿಯಲ್ಲಿ ವೈರಸ್ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ. ಕ್ಷಯದಲ್ಲಿ ರೋಗಾಣು ಔಷಧಿಗೆ ಬಗ್ಗದಂತಾಗಬಹುದು. ಹೆಪಟೈಟಿಸ್ ಬಿಯಲ್ಲಿ ಯಕೃತ್ತಿನ ಉರಿಯೂತ ಒಮ್ಮೆಲೇ ಭುಗಿಲೇಳುವ ಅಪಾಯವಿದೆ. ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಎರಡೂ ಇರುವವರಿಗೆ ಟಿಎಲ್‌ಡಿ ಒಂದೇ ಮಾತ್ರೆ ಎರಡು ವೈರಸ್‌ಗಳನ್ನೂ ಹಿಡಿದಿಟ್ಟಿರುವುದರಿಂದ, ‘ಮೂರು ತಿಂಗಳು ಇಂಗ್ಲಿಷ್ ಔಷಧಿ ಬಿಟ್ಟು ನಮ್ಮದನ್ನು ಮಾತ್ರ ತೆಗೆದುಕೊಳ್ಳಿ’ ಎಂಬ ಷರತ್ತು ಯಾರಿಂದ ಬಂದರೂ ಮಾತುಕತೆಯನ್ನು ಅಲ್ಲಿಗೇ ಮುಗಿಸುವುದು ಒಳ್ಳೆಯದು.

ಆಹಾರ: ಪುರಾವೆಯಲ್ಲಿ ಎಲ್ಲಕ್ಕಿಂತ ಮುಂದೆ

ಪೂರಕ ಚಿಕಿತ್ಸೆಯ ಪಟ್ಟಿಯಲ್ಲಿ ಊಟವನ್ನು ಯಾರೂ ಸೇರಿಸುವುದಿಲ್ಲ. ಆದರೆ ಕ್ಷಯದ ಮಟ್ಟಿಗೆ ಊಟಕ್ಕಿರುವಷ್ಟು ಗಟ್ಟಿ ಪುರಾವೆ ಬೇರೆ ಯಾವ ಪೂರಕಕ್ಕೂ ಇಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಅವರ ಸಂಗಡಿಗರು ಜಾರ್ಖಂಡ್‌ನಲ್ಲಿ ನಡೆಸಿದ, 2023ರಲ್ಲಿ ಪ್ರಕಟವಾದ ‘ರೇಷನ್ಸ್’ ಅಧ್ಯಯನದಲ್ಲಿ ಕ್ಷಯರೋಗಿಗಳಿಗೆ ತಿಂಗಳಿಗೆ 10 ಕಿಲೋ ಆಹಾರದ ಕಿಟ್ ಕೊಡಲಾಯಿತು. ಮನೆಮಂದಿಗೂ ಅಕ್ಕಿ ಬೇಳೆ ಒದಗಿಸಿದ ಕುಟುಂಬಗಳಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಸುಮಾರು ಶೇ 40ರಷ್ಟು ಕಡಿಮೆಯಾಯಿತು. ರೋಗಿಗಳಲ್ಲಿ ಮೊದಲ ಎರಡು ತಿಂಗಳಲ್ಲಿ ತೂಕ ಶೇ 5ರಷ್ಟು ಏರಿದವರಿಗೆ ಸಾವಿನ ಅಪಾಯ ಶೇ 61ರಷ್ಟು ಕಡಿಮೆಯಿತ್ತು. ಕ್ಷಯರೋಗಿಗಳ ಆಹಾರಕ್ಕೆಂದು ಸರ್ಕಾರ ನೆರವು ನೀಡುವ ನಿಕ್ಷಯ್ ಪೋಷಣ್ ಯೋಜನೆಯಡಿ ರೋಗಿಯ ಬ್ಯಾಂಕ್ ಖಾತೆಗೆ ಬರುವ ಹಣವನ್ನು 2024ರ ನವೆಂಬರ್‌ನಿಂದ ತಿಂಗಳಿಗೆ 500 ರೂಪಾಯಿಯಿಂದ 1000ಕ್ಕೆ ಏರಿಸಲಾಗಿದೆ. ಆ ಹಣ ಪ್ರೋಟೀನ್ ಪುಡಿಯ ಡಬ್ಬಿಗೆ ಹೋಗುವುದಕ್ಕಿಂತ ಮೊಟ್ಟೆ, ಶೇಂಗಾ, ಹುರುಳಿ, ಹಾಲಿಗೆ ಹೋದರೆ ಅದೇ ದುಡ್ಡಿಗೆ ಹೆಚ್ಚು ಪೌಷ್ಟಿಕಾಂಶ ಸಿಗುತ್ತದೆ.

ನಮ್ಮಲ್ಲಿ ಇದಕ್ಕೆ ಅಡ್ಡ ಬರುವುದು ಪಥ್ಯ. ಮೊಟ್ಟೆ ನಂಜು, ಮೀನು ನಂಜು, ಬೇಳೆ ವಾಯು ಎಂದು ಒಂದೊಂದನ್ನೇ ತೆಗೆಯುತ್ತ ಹೋದರೆ ರೋಗಿಯ ತಟ್ಟೆಯಲ್ಲಿ ಕೊನೆಗೆ ಗಂಜಿ ಮಾತ್ರ ಉಳಿಯುತ್ತದೆ. ತೂಕ ಏರಲೇಬೇಕಾದ ಕಾಲದಲ್ಲಿ ಇಂಥ ಪಥ್ಯ ಸರಿಯಲ್ಲ. ಕರಾವಳಿಯವರು ಗಮನಿಸಬೇಕಾದ ನಿಜವಾದ ಎಚ್ಚರಿಕೆ ಒಂದಿದೆ: ಕ್ಷಯದ ಮಾತ್ರೆಗಳಲ್ಲೊಂದಾದ ಐಸೋನಿಯಾಜಿಡ್ ಸೇವಿಸುವವರು ಹಳತಾದ ಬಂಗುಡೆ, ಟ್ಯೂನಾದಂಥ ಮೀನು ತಿಂದರೆ ಮುಖ ಕೆಂಪೇರಿ, ತಲೆನೋವು, ಎದೆಬಡಿತ ಬರಬಹುದು. ತಾಜಾ ಮೀನನ್ನೂ ಬಿಡಬೇಕೆಂದು ಇದರ ಅರ್ಥವಲ್ಲ. ಹೆಪಟೈಟಿಸ್ ಬಿ ಇರುವವರು ಪಥ್ಯವೆಂದು ಮೊದಲು ಬಿಡಬೇಕಾದದ್ದು ಮದ್ಯ, ಅದನ್ನು ಪೂರ್ತಿಯಾಗಿಯೇ ಬಿಡಬೇಕು.

ಯೋಗ, ಪ್ರಾಣಾಯಾಮ, ಮಾಲೀಸು

ಹೊಟ್ಟೆಗೆ ಹೋಗದ ಚಿಕಿತ್ಸೆಗಳಲ್ಲಿ ನನ್ನ ಮೊದಲ ಆಯ್ಕೆ ಯೋಗ. ಅದು ಯಾವ ಮಾತ್ರೆಯ ಜೊತೆಗೂ ಜಗಳವಾಡುವುದಿಲ್ಲ, ಖರ್ಚೂ ಇಲ್ಲವೆನ್ನುವಷ್ಟು ಕಡಿಮೆ. ಅದರಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಮಾತ್ರ ತಿಳಿದಿರಬೇಕು. ಹೃದ್ರೋಗದ ಅಪಾಯವಿದ್ದ ಎಚ್‌ಐವಿ ಸೋಂಕಿತರಿಗೆ 20 ವಾರ ಯೋಗ ಕಲಿಸಿ ನೋಡಿದ, 2010ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ರಕ್ತದೊತ್ತಡ ಇಳಿಯಿತು, ಸಿಡಿ4 ಎಣಿಕೆ (ರೋಗನಿರೋಧಕ ಕಣಗಳ ಸಂಖ್ಯೆ) ಮತ್ತು ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ) ಇದ್ದಲ್ಲೇ ಇದ್ದವು. ನಿದ್ರೆ, ಆತಂಕ, ಖಿನ್ನತೆ, ರಕ್ತದೊತ್ತಡ ಇವು ಯೋಗದಿಂದ ಸುಧಾರಿಸಬಹುದಾದ ಸಂಗತಿಗಳು. ‘ಪ್ರಾಣಾಯಾಮದಿಂದ ಸಿಡಿ4 ಏರಿಸುತ್ತೇವೆ’ ಎನ್ನುವ ಶಿಬಿರಕ್ಕೆ ಹಣ ಕಟ್ಟುವ ಅಗತ್ಯವಿಲ್ಲ.

ಕೆಲವು ಮಿತಿಗಳನ್ನೂ ಹೇಳಬೇಕು. ಶ್ವಾಸಕೋಶದ ಕ್ಷಯ ಇರುವವರು ಚಿಕಿತ್ಸೆಯ ಆರಂಭದ ವಾರಗಳಲ್ಲಿ ಮುಚ್ಚಿದ ಸಭಾಂಗಣದ ಸಾಮೂಹಿಕ ತರಗತಿಗೆ ಹೋಗದೆ ಮನೆಯಲ್ಲಿ, ಕಿಟಕಿ ತೆರೆದ ಕೋಣೆಯಲ್ಲಿ ಅಭ್ಯಾಸ ಮಾಡಬೇಕು. ಯಕೃತ್ತು ಗಾಯಗಟ್ಟಿ ಗಟ್ಟಿಯಾಗುವ ಸಿರೋಸಿಸ್ ಹಂತಕ್ಕೆ ಹೋಗಿ ಅನ್ನನಾಳದ ರಕ್ತನಾಳಗಳು ಉಬ್ಬಿದ್ದರೆ ಹೊಟ್ಟೆಯೊಳಗಿನ ಒತ್ತಡ ಹೆಚ್ಚಿಸುವ ಕಪಾಲಭಾತಿ, ನೌಲಿ, ಶೀರ್ಷಾಸನ ಬೇಡ. ನಡಿಗೆ, ಶವಾಸನ, ನಿಧಾನವಾದ ಉಸಿರಾಟ ಸಾಕು.

ಕಾಲುಗಳಲ್ಲಿ ಜೋಮು, ಉರಿ, ಮುಳ್ಳು ಚುಚ್ಚಿದಂಥ ನೋವು ಇರುವವರು ಮಾಲೀಸು ಅಥವಾ ಅಕ್ಯುಪಂಕ್ಚರ್ ಕೇಳುತ್ತಾರೆ. ಎಚ್‌ಐವಿಯಿಂದ ಬರುವ ನರದ ನೋವಿಗೆ ಅಕ್ಯುಪಂಕ್ಚರ್ ಸೂಜಿಗಳನ್ನು 250 ಜನರ ಮೇಲೆ ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಿಜವಾದ ಬಿಂದುಗಳಿಗೆ ಚುಚ್ಚಿದರೂ ಬೇರೆಡೆ ಚುಚ್ಚಿದರೂ ಫಲಿತಾಂಶದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಎಳ್ಳೆಣ್ಣೆಯ ಮಾಲೀಸಿನಿಂದ ಹಿತವೆನಿಸಿದರೆ ಮಾಡಿಸಿಕೊಳ್ಳಲಿ, ಅದರಿಂದ ಹಾನಿಯಿಲ್ಲ. ಆದರೆ ಕ್ಷಯದ ಮಾತ್ರೆ ಸೇವಿಸುವವರಿಗೆ ಜೋಮು ಬಂದರೆ ಐಸೋನಿಯಾಜಿಡ್ ಜೊತೆಗೆ ಕೊಡಬೇಕಾದ ಬಿ6 ವಿಟಮಿನ್ ಸರಿಯಾಗಿ ಸಿಗುತ್ತಿದೆಯೇ ಎಂದು ಮೊದಲು ವಿಚಾರಿಸಬೇಕು. ಸೂಜಿ, ಬ್ಲೇಡು, ರಕ್ತ ತೆಗೆಯುವ ಕಪ್ಪಿಂಗ್ ಇರುವ ಯಾವ ಚಿಕಿತ್ಸೆಗೂ ಒಮ್ಮೆ ಬಳಸಿ ಎಸೆಯುವ ಸಾಮಗ್ರಿಯೇ ಆಗಬೇಕು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದ ಕಲೆಯಲ್ಲಿ ಕನಿಷ್ಠ 7 ದಿನ ಜೀವಂತ ಉಳಿಯಬಲ್ಲದು.

ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ

ನಿರಪಾಯವೆಂದು ತೋರುವ ಈ ಮಾತ್ರೆಗಳಲ್ಲೇ ಟಿಎಲ್‌ಡಿ ಸೇವಿಸುವವರಿಗೆ ಒಂದು ನಿಜವಾದ ತೊಡಕಿದೆ. ಕ್ಯಾಲ್ಸಿಯಂ, ಕಬ್ಬಿಣ, ಸತು, ಮೆಗ್ನೀಸಿಯಂ, ಅಲ್ಯೂಮಿನಿಯಂ ಇವು ಹೊಟ್ಟೆಯಲ್ಲಿ ಡೊಲುಟೆಗ್ರಾವಿರ್‌ಗೆ ಅಂಟಿಕೊಂಡು ಅದು ರಕ್ತ ಸೇರುವುದನ್ನು ತಡೆಯುತ್ತವೆ. ಎದೆಯುರಿಗೆ ಕುಡಿಯುವ ಗುಲಾಬಿ ಬಣ್ಣದ ಆ್ಯಂಟಾಸಿಡ್ ದ್ರಾವಣದಲ್ಲೂ ಮೆಗ್ನೀಸಿಯಂ, ಅಲ್ಯೂಮಿನಿಯಂ ಇರುತ್ತವೆ. ನಿಯಮ ಸರಳವಾಗಿದೆ: ಟಿಎಲ್‌ಡಿಯನ್ನು ಇವುಗಳಿಗಿಂತ 2 ಗಂಟೆ ಮೊದಲು ಅಥವಾ 6 ಗಂಟೆ ನಂತರ ಸೇವಿಸಬೇಕು. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗಳಿಗೆ ಮಾತ್ರ ಒಂದು ವಿನಾಯಿತಿಯಿದೆ, ಊಟದ ಜೊತೆಗಾದರೆ ಅವನ್ನು ಟಿಎಲ್‌ಡಿಯೊಂದಿಗೇ ನುಂಗಬಹುದು. ಉದಾಹರಣೆಗೆ, ರಕ್ತಹೀನತೆಗೆ ಕಬ್ಬಿಣದ ಮಾತ್ರೆ ಸೇವಿಸುವ ಗರ್ಭಿಣಿಯೊಬ್ಬರು ರಾತ್ರಿ ಎಂಟಕ್ಕೆ ಊಟ ಮಾಡಿ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದು. ಖಾಲಿ ಹೊಟ್ಟೆಯಲ್ಲಿ ಟಿಎಲ್‌ಡಿ ನುಂಗುವ ರೂಢಿಯಿದ್ದರೆ ಬೆಳಿಗ್ಗೆ ಏಳಕ್ಕೆ ಅದನ್ನು ಮುಗಿಸಿ, ಕಬ್ಬಿಣವನ್ನು ಮಧ್ಯಾಹ್ನದ ಊಟದ ನಂತರಕ್ಕೆ ಇಟ್ಟುಕೊಂಡರಾಯಿತು. ಆ್ಯಂಟಾಸಿಡ್‌ಗೆ ಈ ವಿನಾಯಿತಿ ಇಲ್ಲ.

ಹೆಚ್ಚು ಡೋಸಿನ ವಿಟಮಿನ್‌ಗಳ ಬಗ್ಗೆ ತಾಂಜಾನಿಯಾದ ಅನುಭವ ನೆನಪಿಡಬೇಕಾದದ್ದು. ಎಆರ್‌ಟಿ ಆರಂಭಿಸುತ್ತಿದ್ದವರಲ್ಲಿ ಒಂದು ಗುಂಪಿಗೆ ಸಾಧಾರಣ ಪ್ರಮಾಣದ, ಇನ್ನೊಂದಕ್ಕೆ ದುಪ್ಪಟ್ಟಿಗೂ ಮೀರಿದ ಪ್ರಮಾಣದ ಮಲ್ಟಿವಿಟಮಿನ್ ಕೊಟ್ಟು ಹೋಲಿಸಿದಾಗ (2012), ಹೆಚ್ಚು ಪ್ರಮಾಣದಿಂದ ಯಾವ ಲಾಭವೂ ಕಾಣದೆ, ಯಕೃತ್ತಿನ ಹಾನಿಯನ್ನು ತೋರಿಸುವ ಎಸ್‌ಜಿಪಿಟಿ ಎಂಬ ಕಿಣ್ವದ ಮಟ್ಟ ರಕ್ತದಲ್ಲಿ ಏರಿತು. ವೆಲ್ಲೂರಿನ ವೈದ್ಯರು ಕ್ಷಯರೋಗಿಗಳಿಗೆ ವಿಟಮಿನ್ ಡಿ ಹೆಚ್ಚು ಕೊಟ್ಟು ನೋಡಿದರೂ (2015) ಕಫ ಬೇಗ ಶುದ್ಧವಾಗಲಿಲ್ಲ. ರಕ್ತ ಪರೀಕ್ಷೆಯಲ್ಲಿ ಕೊರತೆ ಕಂಡರೆ ಅದನ್ನು ತುಂಬಬೇಕು, ಅದಕ್ಕೂ ಮೀರಿದ ಮಾತ್ರೆ ದಂಡ.

ಬಳ್ಳಿ, ಬೇರು, ಕಷಾಯ, ಭಸ್ಮ

ಎಲ್ಲಕ್ಕಿಂತ ಹೆಚ್ಚು ನಿಧಾನಿಸಿ ನೋಡಬೇಕಾದ ಭಾಗ ಇದು. ನೆಲನೆಲ್ಲಿಯಿಂದಲೇ ಆರಂಭಿಸೋಣ. ಕಾಮಾಲೆಗೆ ನೆಲನೆಲ್ಲಿಯನ್ನು ಬೇರುಸಹಿತ ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಬೆಳಗಿನ ಖಾಲಿ ಹೊಟ್ಟೆಗೆ ಕೊಡುವುದು ನಮ್ಮ ಹಳ್ಳಿಗಳಲ್ಲಿ ಹಳೆಯ ವಾಡಿಕೆ. ‘ನಮ್ಮ ಮಾವನಿಗೆ ಮೂರೇ ದಿನದಲ್ಲಿ ಇಳಿಯಿತು’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಕಲುಷಿತ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ವಾಸಿಯಾಗುತ್ತವೆ, ಆಗ ಯಾವ ಔಷಧಿ ಕೊಟ್ಟಿದ್ದರೂ ಕೀರ್ತಿ ಅದಕ್ಕೇ ಸಲ್ಲುತ್ತದೆ. ದೀರ್ಘಕಾಲ ಉಳಿದ ಹೆಪಟೈಟಿಸ್ ಬಿಯ ಸ್ವಭಾವ ಬೇರೆ. ಅದು ಕಣ್ಣು ಹಳದಿಯಾಗಿಸದೆಯೇ ವರ್ಷಗಟ್ಟಲೆ ಯಕೃತ್ತನ್ನು ಸವೆಸಬಲ್ಲದು.

ನೆಲನೆಲ್ಲಿಯನ್ನು ವಿಜ್ಞಾನ ಕಡೆಗಣಿಸಿತು ಎನ್ನಲೂ ಬರುವುದಿಲ್ಲ. 1988ರಲ್ಲಿ ಚೆನ್ನೈನ ಸಂಶೋಧಕರು, ಹೆಪಟೈಟಿಸ್ ಬಿ ವೈರಸ್ಸನ್ನು ಪತ್ತೆಹಚ್ಚಿ ನೊಬೆಲ್ ಪಡೆದಿದ್ದ ಬರೂಚ್ ಬ್ಲಂಬರ್ಗ್ ಅವರೊಂದಿಗೆ ಸೇರಿ, ನೆಲನೆಲ್ಲಿ ಕೊಟ್ಟ 37 ಜನರಲ್ಲಿ 22 ಜನರ ರಕ್ತದಿಂದ ವೈರಸ್‌ನ ಗುರುತು ಮರೆಯಾಯಿತೆಂದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಜಗತ್ತು ಬೆರಗಾಗಿ ನೋಡಿತು. ಮುಂದೆ ಬೇರೆ ಬೇರೆ ದೇಶಗಳಲ್ಲಿ ನಡೆದ ಪರೀಕ್ಷೆಗಳಲ್ಲಿ ಆ ಫಲಿತಾಂಶ ಮರುಕಳಿಸಲಿಲ್ಲ. ಹೀಗಾಗಿ ಟೆನೊಫೊವಿರ್‌ಗೆ ಬದಲಾಗಿ ನೆಲನೆಲ್ಲಿಯನ್ನು ಆರಿಸಲು ಇಂದು ಆಧಾರವಿಲ್ಲ. ಲಿವರ್ ಟಾನಿಕ್‌ಗಳಲ್ಲಿ ಬಳಕೆಯಾಗುವ ಸಿಲಿಮರಿನ್ ಕೂಡ ಹೆಪಟೈಟಿಸ್ ಸಿ ರೋಗಿಗಳ ಮೇಲಿನ 2012ರ ಪರೀಕ್ಷೆಯಲ್ಲಿ ಹುಸಿಮಾತ್ರೆಗಿಂತ ಮೇಲೆನಿಸಲಿಲ್ಲ. ಅಂದ ಹಾಗೆ, ಹೆಪಟೈಟಿಸ್ ಸಿ ಈಗ ಸಾಮಾನ್ಯವಾಗಿ 12 ವಾರಗಳ ಮಾತ್ರೆಯಿಂದ ಪೂರ್ತಿ ಗುಣವಾಗುವ ಸೋಂಕು, ಅದಕ್ಕೆ ಟಾನಿಕ್ ಹುಡುಕುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಅಮೃತಬಳ್ಳಿಯದು ಇದಕ್ಕಿಂತ ಗಂಭೀರ ಸಂಗತಿ. ಕೋವಿಡ್ ಕಾಲದಲ್ಲಿ ರೋಗನಿರೋಧಕ ಶಕ್ತಿಗೆಂದು ಅಸಂಖ್ಯ ಜನ ಅದರ ಕಷಾಯ ಕುಡಿದ ಮೇಲೆ ಮೊದಲು ಮುಂಬೈನಿಂದ, ನಂತರ ಬೇರೆ ಊರುಗಳಿಂದ ಯಕೃತ್ತಿನ ಹಾನಿಯ ವರದಿಗಳು ಬಂದವು. 2022ರಲ್ಲಿ ದೇಶದ ಹಲವು ಆಸ್ಪತ್ರೆಗಳು ಸೇರಿ 43 ರೋಗಿಗಳ ವಿವರ ಪ್ರಕಟಿಸಿದವು. ಆಯುಷ್ ಸಚಿವಾಲಯ ಈ ಆರೋಪವನ್ನು ಒಪ್ಪದೆ, ಹಾನಿ ಮಾಡುವುದು ಅದೇ ಕುಲದ ಬೇರೊಂದು ಬಳ್ಳಿ ಎಂದು ವಾದಿಸಿತು. ಈ ವಾದ ಸರಿಯಿದ್ದರೂ ಬೇಲಿಯ ಮೇಲಿನ ಬಳ್ಳಿಯನ್ನು ಕಿತ್ತು ತರುವವರಿಗೆ ಸಮಾಧಾನವೇನೂ ಸಿಗುವುದಿಲ್ಲ. ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಮೂಲಿಕೆ, ಆಗಲೇ ಉರಿಯೂತವಿರುವ ಯಕೃತ್ತಿಗೆ ಸೂಕ್ತವಲ್ಲ. ಹೆಪಟೈಟಿಸ್ ಬಿ ಇರುವವರು ಮತ್ತು ಕ್ಷಯದ ಮಾತ್ರೆ ಸೇವಿಸುವವರು ಇದನ್ನು ಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ. ಐಸೋನಿಯಾಜಿಡ್, ರಿಫಾಂಪಿಸಿನ್, ಪಿರಾಜಿನಮೈಡ್ ಮೂರೂ ಯಕೃತ್ತಿಗೆ ಭಾರವಾದ ಔಷಧಿಗಳೇ. ಅವುಗಳ ನಡುವೆ ಕಷಾಯವೂ ಸೇರಿದರೆ ಎಸ್‌ಜಿಪಿಟಿ ಏರಿದಾಗ ಕಾರಣ ಯಾವುದೆಂದು ವೈದ್ಯರಿಗೂ ತಿಳಿಯದೆ, ಜೀವ ಉಳಿಸುವ ಮಾತ್ರೆಯನ್ನೇ ನಿಲ್ಲಿಸಬೇಕಾಗಿ ಬರಬಹುದು. ಅಶ್ವಗಂಧದ ಗುಳಿಗೆ, ಕರಿಮೆಣಸಿನ ಸಾರ ಸೇರಿಸಿದ ಅರಿಶಿನದ ಕ್ಯಾಪ್ಸೂಲ್, ನೋನಿ ರಸ ಇವುಗಳಿಂದಲೂ ಯಕೃತ್ತಿಗೆ ಹಾನಿಯಾದ ವರದಿಗಳಿವೆ.

ಇಲ್ಲಿ ಪ್ರಮಾಣದ ಪ್ರಶ್ನೆ ಬರುತ್ತದೆ. ಸಾರಿನಲ್ಲಿನ ಬೆಳ್ಳುಳ್ಳಿ, ಮೆಣಸು, ಅರಿಶಿನಕ್ಕೆ ಯಾರೂ ಹೆದರಬೇಕಿಲ್ಲ. ಸಾರ ಇಳಿಸಿ ಗುಳಿಗೆ ಮಾಡಿದಾಗ ಲೆಕ್ಕ ಬದಲಾಗುತ್ತದೆ. ಬೆಳ್ಳುಳ್ಳಿಯ ಕ್ಯಾಪ್ಸೂಲ್ ಸಾಕ್ವಿನಾವಿರ್ ಎಂಬ ಹಳೆಯ ಎಚ್‌ಐವಿ ಔಷಧಿಯ ಮಟ್ಟವನ್ನು ರಕ್ತದಲ್ಲಿ ಅರ್ಧದಷ್ಟು ಇಳಿಸಿದ್ದು 2000ದ ದಶಕದ ಆರಂಭದಲ್ಲೇ ಕಂಡುಬಂದಿತು. ಖಿನ್ನತೆಗೆ ವಿದೇಶಗಳಲ್ಲಿ ಅಂಗಡಿಯಲ್ಲೇ ಸಿಗುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಇಂಡಿನಾವಿರ್ ಎಂಬ ಇನ್ನೊಂದು ಹಳೆಯ ಎಚ್‌ಐವಿ ಔಷಧಿಯ ಮಟ್ಟವನ್ನು ಶೇ 57ರಷ್ಟು ತಗ್ಗಿಸಿತು. ಅದು ಡೊಲುಟೆಗ್ರಾವಿರ್‌ಗೂ ಹೊಂದುವುದಿಲ್ಲವಾದ್ದರಿಂದ, ಹೊರದೇಶದಲ್ಲಿರುವ ಕನ್ನಡಿಗರು ಊರಿನವರಿಗೆ ಪೂರಕಗಳ ಡಬ್ಬಿ ಕಳಿಸುವ ಮುನ್ನ ಲೇಬಲ್ ಓದಬೇಕು. ಮೆಣಸಿನ ಪೈಪರಿನ್ ಇದಕ್ಕೆ ವಿರುದ್ಧವಾಗಿ ಕೆಲವು ಔಷಧಿಗಳ ಮಟ್ಟವನ್ನು ಏರಿಸುತ್ತದೆ. ಈ ಗುಣವನ್ನೇ ಬಳಸಿಕೊಂಡು ಜಮ್ಮುವಿನ ಸಿಎಸ್‌ಐಆರ್ ಪ್ರಯೋಗಾಲಯದ ಸಂಶೋಧನೆಯಿಂದ ರಿಫಾಂಪಿಸಿನ್‌ಗೆ ಪೈಪರಿನ್ ಸೇರಿಸಿದ ಕ್ಷಯದ ಔಷಧಿಯೂ ತಯಾರಾಯಿತು. ಮೂಲಿಕೆಯೂ ಔಷಧಿಯೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮೂತ್ರಪಿಂಡದ ಮಾತೂ ಇದೆ. ಟೆನೊಫೊವಿರ್ ಕೆಲವರ ಮೂತ್ರಪಿಂಡಕ್ಕೆ ತೊಂದರೆ ಕೊಡುವುದರಿಂದಲೇ ಆಗಾಗ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಮಟ್ಟ ನೋಡುತ್ತಾರೆ. ನಾಟಿ ಔಷಧಿಯಲ್ಲಿ ಬಳಸುವ ಈಶ್ವರಿ ಬೇರಿನಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ, ಅದು ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರನ್ನೂ ತರಬಲ್ಲದು. ಅಂತರ್ಜಾಲದಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಅಮೆರಿಕದ ಸಂಶೋಧಕರು ಪರೀಕ್ಷಿಸಿದಾಗ (2008) ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಭಸ್ಮ ಸೇರಿದ ಔಷಧಿ ಮತ್ತು ಲೇಬಲ್ ಇಲ್ಲದ ಪೊಟ್ಟಣದ ಪುಡಿ, ಇವೆರಡೂ ಈ ಹೋಲಿಕೆಯ ಕೊನೆಯ ಸ್ಥಾನಕ್ಕೆ ಸಲ್ಲುತ್ತವೆ.

ಉಳಿದವು

ಹೋಮಿಯೋಪತಿಯ ತೀರಾ ತೆಳುವಾಗಿಸಿದ ಗುಳಿಗೆಗಳು ಮಾತ್ರೆಗಳ ಕೆಲಸ ಕೆಡಿಸುವ ಸಾಧ್ಯತೆ ಕಡಿಮೆ, ಆದರೆ ಅವು ಈ ಸೋಂಕುಗಳನ್ನು ತಗ್ಗಿಸುತ್ತವೆ ಎನ್ನಲು ಆಧಾರವೂ ಇಲ್ಲ. ಪ್ರಕೃತಿ ಚಿಕಿತ್ಸಾ ಕೇಂದ್ರಕ್ಕೆ ದಾಖಲಾಗುವವರು ತಮ್ಮ ಸೋಂಕು ಮತ್ತು ಮಾತ್ರೆಗಳ ವಿವರವನ್ನು ಅಲ್ಲಿನ ವೈದ್ಯರಿಗೆ ಹೇಳಿ, ಹಲವು ದಿನಗಳ ಉಪವಾಸ ಬೇಡವೆಂದು ಮೊದಲೇ ಕೇಳಿಕೊಳ್ಳಬೇಕು. ತೂಕ ಕಳೆದುಕೊಂಡಿರುವ ಕ್ಷಯರೋಗಿಗೂ ಸಿರೋಸಿಸ್ ಇರುವವರಿಗೂ ಅಂಥ ಉಪವಾಸ ಅಪಾಯಕಾರಿ. ಸೋಂಕಿನ ಗುಟ್ಟು ಬಯಲಾಗುವ ಭಯವಿರುವ ಎಚ್‌ಐವಿ ಸೋಂಕಿತರು, 2017ರ ಎಚ್‌ಐವಿ ಕಾಯ್ದೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆ ಎಂಬುದನ್ನು ತಿಳಿದಿರಲಿ. ಏಡ್ಸ್ ಗುಣಪಡಿಸುತ್ತೇವೆ ಎಂಬ ಜಾಹೀರಾತಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗುಣಪಡಿಸುವುದಾಗಿ ಹೇಳಿಕೊಳ್ಳಬಾರದ ರೋಗಗಳೆಂದು ನಮ್ಮ ಔಷಧ ನಿಯಮಗಳ ಜೆ ಅನುಸೂಚಿ ಪಟ್ಟಿ ಮಾಡಿರುವವುಗಳಲ್ಲಿ ಏಡ್ಸ್ ಕೂಡ ಇದೆ.

ತೊಂದರೆ ನೋಡಿ ಆರಿಸುವುದು

ನಿದ್ರೆ ಬಾರದೆಂದು ಅಶ್ವಗಂಧ ಕೊಳ್ಳಲು ಹೊರಟ ಟಿಎಲ್‌ಡಿ ಬಳಕೆದಾರರು ಮೊದಲು ಮಾತ್ರೆಯ ಹೊತ್ತನ್ನು ಗಮನಿಸಬೇಕು. ಹಿಂದೆ ಎಫಾವಿರೆಂಜ್ ಇದ್ದ ಮಾತ್ರೆಯನ್ನು ರಾತ್ರಿ ಮಲಗುವಾಗ ಸೇವಿಸುತ್ತಿದ್ದವರು ಅದೇ ರೂಢಿಯಲ್ಲಿ ಟಿಎಲ್‌ಡಿಯನ್ನೂ ರಾತ್ರಿಗೇ ಇಟ್ಟುಕೊಂಡಿರಬಹುದು. ಡೊಲುಟೆಗ್ರಾವಿರ್ ಕೆಲವರ ನಿದ್ರೆ ಕೆಡಿಸುತ್ತದೆ, ಎಆರ್‌ಟಿ ಕೇಂದ್ರದಲ್ಲಿ ಕೇಳಿ ಅದನ್ನು ಬೆಳಿಗ್ಗೆಗೆ ಬದಲಿಸಿಕೊಳ್ಳುವುದು ಯಾವ ಮೂಲಿಕೆಗಿಂತಲೂ ಅಗ್ಗದ ಪರಿಹಾರ. ಜೊತೆಗೆ ಸಂಜೆಯ ಪ್ರಾಣಾಯಾಮವಿರಲಿ. ಸುಸ್ತಿಗೆ ಟಾನಿಕ್ ಬದಲು ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆ, ವಾಕರಿಕೆಗೆ ಅಡುಗೆಯ ಪ್ರಮಾಣದ ಶುಂಠಿ, ಮನಸ್ಸಿನ ಕುಗ್ಗುವಿಕೆಗೆ ಆಪ್ತಸಮಾಲೋಚಕರು ಮತ್ತು ಸೋಂಕಿನೊಂದಿಗೆ ಬದುಕುತ್ತಿರುವವರ ಸಂಘಗಳು, ಈ ಕ್ರಮದಲ್ಲಿ ಹೋಗುವುದು ಸೂಕ್ತ.

ಇಷ್ಟಾದರೂ ಒಂದು ಮೂಲಿಕೆಯನ್ನು ತೆಗೆದುಕೊಂಡೇ ನೋಡಬೇಕೆನಿಸಿದರೆ, ನೋಂದಾಯಿತ ಆಯುರ್ವೇದ ವೈದ್ಯರ ಮೂಲಕ, ತಯಾರಕರ ಪರವಾನಗಿ ಸಂಖ್ಯೆಯಿರುವ ಒಂದೇ ಒಂದು ಉತ್ಪನ್ನವನ್ನು ಆರಿಸಿ, ಅದರ ಲೇಬಲ್ಲಿನ ಫೋಟೋವನ್ನು ಎಆರ್‌ಟಿ ಅಥವಾ ಹೆಪಟೈಟಿಸ್ ಕೇಂದ್ರದ ವೈದ್ಯರಿಗೆ ತೋರಿಸಬೇಕು. ಆರಂಭಿಸುವ ಮುನ್ನ ಎಲ್‌ಎಫ್‌ಟಿ (ಯಕೃತ್ತಿನ ರಕ್ತ ಪರೀಕ್ಷೆ) ಮತ್ತು ಕ್ರಿಯಾಟಿನಿನ್ ಮಾಡಿಸಿ, ಸುಮಾರು ನಾಲ್ಕು ವಾರದ ನಂತರ ಮತ್ತೆ ಮಾಡಿಸಬೇಕು. ನಡುವೆ ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಹಸಿವು ಸತ್ತರೆ, ಕಣ್ಣು ಹಳದಿಯಾದರೆ ಮೂಲಿಕೆಯನ್ನು ಆ ಹೊತ್ತಿನಿಂದಲೇ ಬಿಟ್ಟು, ಅದರ ಡಬ್ಬಿಯನ್ನು ಜೊತೆಗೆ ತೆಗೆದುಕೊಂಡು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಎಆರ್‌ಟಿ, ಕ್ಷಯ ಅಥವಾ ಹೆಪಟೈಟಿಸ್ ಮಾತ್ರೆಗಳಲ್ಲಿ ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದನ್ನು ಅಲ್ಲಿನ ವೈದ್ಯರೇ ನಿರ್ಧರಿಸಲಿ.